ಇಂಟರ್‌ವಲ್‌ವರೆಗಿನ ಅಭಿಪ್ರಾಯ

ಯಾವ ಸಿನಿಮಾವೂ ಇಂಟರ್‌ವಲ್‌ವರೆಗೆ ಕೆಟ್ಟದಾಗಿರುವುದಿಲ್ಲ. ಇದು ನನ್ನ ಅಭಿಪ್ರಾಯ. ಯಾವ ಸಿನಿಮಾವೂ ಇಂಟರ್‌ವಲ್ ಆದಮೇಲೆ ನೆಟ್ಟಗಿರುವುದಿಲ್ಲ. ಇದು ನಮ್ಮ ಭಾವನ ಅಭಿಪ್ರಾಯ. ಇಬ್ಬರೂ ಸುಳ್ಳು ಹೇಳುವವರಲ್ಲ. ನಾನು ನೋಡುವುದು ಮೊದಲರ್ಧ, ಅವರು ನೋಡುವುದು ಉಳಿದರ್ಧ, ಅಷ್ಟೇ.

ನಮ್ಮದು ಬ್ಯಾಗು ರಿಪೇರಿಯ ಅಂಗಡಿ. ಪಕ್ಕದಲ್ಲಿ ಬಸ್ ನಿಲ್ದಾಣ, ರಸ್ತೆ ದಾಟಿದರೆ ಥಿಯೇಟರು. ಜಿಪ್ಪು ಮತ್ತು ಹೊಲಿಗೆ ನನ್ನ ಪಾಲು; ಸೂಟ್‌ಕೇಸಿನ ಚಕ್ರ, ಹಿಡಿಕೆ, ಬೀಗ ಭಾವನ ಪಾಲು. ಹಾಗಾಗಿ ಸುತ್ತಲಿನ ಅಂಗಡಿಯವರಿಗೆ ನಾನು ಜಿಪ್ಪಣ್ಣ. ಈ ಅಂಗಡಿಗೆ ಬಾಗಿಲು ಹಾಕುವ ಹಾಗಿಲ್ಲ. ಬಸ್ಸು ಇನ್ನೇನು ಹೊರಡಬೇಕು ಅನ್ನುವಾಗಲೇ ಜನರ ಬ್ಯಾಗು ಬಾಯಿ ಬಿಡುವುದು. ಚಾಲಕ ಹಾರ್ನ್ ಹೊಡೆಯುತ್ತಿರುತ್ತಾನೆ, ಇವರು ಎದೆಗವಚಿಕೊಂಡ ಬ್ಯಾಗಿನಿಂದ ಟವೆಲು, ಸೋಪು ಉದುರಿಸಿಕೊಂಡು ನಮ್ಮ ಕಡೆ ಓಡಿ ಬರುತ್ತಾರೆ. ಆ ಹೊತ್ತಿಗೆ ಇಬ್ಬರೂ ಸಿನಿಮಾಗೆ ಹೋಗಿ ಕೂತರೆ ಯಾರು ಕ್ಷಮಿಸುತ್ತಾರೆ?

ಅದಕ್ಕೇ ಈ ಏರ್ಪಾಡು. ಶುಕ್ರವಾರದ ಮ್ಯಾಟಿನಿಗೆ ಒಂದು ಟಿಕೆಟ್ಟು. ಮೊದಲರ್ಧ ನಾನು. ಇಂಟರ್‌ವಲ್ಲಿಗೆ ನಾನು ಹೊರಗೆ, ಭಾವ ಒಳಗೆ. ಗೇಟಿನಲ್ಲಿ ನಿಲ್ಲುವ ಟಾರ್ಚ್ ಮಾವನಿಗೆ ಇದು ಹಳೆಯ ಸಂಗತಿ. "ಕುರ್ಚಿಗೆ ಒಬ್ರು ಕೂತಿದ್ರೆ ಸಾಕಪ್ಪ, ಯಾರು ಅಂತ ಕುರ್ಚಿ ಕೇಳಲ್ಲ" ಎನ್ನುತ್ತಾರೆ.

ಆದರೆ ಮೊದಲರ್ಧದ ಕಥೆ ಗೊತ್ತಿಲ್ಲದೆ ಉಳಿದರ್ಧ ನೋಡುವುದು ಹೇಗೆ? ಅದಕ್ಕೂ ದಾರಿ ಕಂಡುಕೊಂಡಿದ್ದೇವೆ. ರಸ್ತೆ ದಾಟುತ್ತ ದಾಟುತ್ತ ನಾನು ಅಲ್ಲಿಯವರೆಗಿನ ಕಥೆಯನ್ನೂ ನನ್ನ ಅಭಿಪ್ರಾಯವನ್ನೂ ಫೋನಿಗೆ ಒದರಿ ಭಾವನಿಗೆ ಕಳಿಸುತ್ತೇನೆ. ಪರದೆಯ ಮೇಲೆ ಸೀರೆ ಅಂಗಡಿ, ಸಿಮೆಂಟಿನ ಜಾಹೀರಾತು ಓಡುತ್ತಿರುವಾಗ ಭಾವ ಫೋನನ್ನು ಕಿವಿಗೊತ್ತಿಕೊಂಡು ಅದನ್ನು ಕೇಳಿ ಮುಗಿಸುತ್ತಾರೆ. ಸಿನಿಮಾ ಬಿಟ್ಟಮೇಲೆ ಅವರು ಬಂದು ಉಳಿದರ್ಧವನ್ನು ಚಕ್ರ ಬಡಿಯುತ್ತ ಹೇಳುತ್ತಾರೆ. ಎರಡನ್ನೂ ಸೇರಿಸಿ ಹೊಲಿದು ನಾನು ಸಂಜೆ ಅಂಗಡಿಯವರ ಗ್ರೂಪಿಗೆ ಹಾಕುತ್ತೇನೆ. ಹಣ್ಣಿನವನು, ಬೀಗದವನು, ಬಸ್ಸಿನ ಕಂಡಕ್ಟರುಗಳು, ಎಲ್ಲರೂ ಅದನ್ನು ಕೇಳಿಯೇ ಟಿಕೆಟ್ಟು ತೆಗೆಯುವುದು.

ಎರಡು ವಾರದ ಹಿಂದೆ ದೆವ್ವದ ಸಿನಿಮಾ ಬಂದಿತ್ತು. ನನ್ನ ಪ್ರಕಾರ ಅದರಲ್ಲಿ ಬಾಗಿಲಿನ ಕಿರುಗುಟ್ಟುವಿಕೆಗೇ ಪ್ರಶಸ್ತಿ ಕೊಡಬೇಕು. ದೆವ್ವ ಬರುವ ಮುಂಚೆ ಆ ಮನೆ ಉಸಿರಾಡುತ್ತಿತ್ತು. ಭಾವ ಏನೆಂದರು? "ದೆವ್ವ ಬಂದ್ಮೇಲೆ ಎಲ್ಲಾ ಹಾಳಾಯ್ತು. ಅದಕ್ಕೂ ಒಂದು ಹಾಡು ಕೊಟ್ಟಿದಾರೆ ಕಣಯ್ಯ. ಹೆದರ್ಕೊಂಡಿದ್ದು ನಾವಲ್ಲ, ದೆವ್ವನೇ." ಕಳೆದ ವಾರದ್ದು ಪೊಲೀಸ್ ಸಿನಿಮಾ. ಇನ್ಸ್‌ಪೆಕ್ಟರು ಒಂದು ಕೇಸನ್ನೂ ಬರೆದುಕೊಳ್ಳದೆ ಬರೀ ನಡೆದೇ ನಡೆದ. ಆದರೆ ಆ ನಡಿಗೆಯಿತ್ತಲ್ಲ, ಅದನ್ನು ನೋಡಿ ನಾನು ಅಂಗಡಿಯವರೆಗೂ ಹಾಗೇ ನಡೆದು ಬಂದೆ. "ಆಮೇಲೆ ಅವನು ಓಡಕ್ಕೆ ಶುರು ಮಾಡ್ದ, ಅಲ್ಲಿಗೆ ಮುಗೀತು" ಎಂದರು ಭಾವ.

ನಮ್ಮ ಅಕ್ಕ, ಅಂದರೆ ಭಾವನ ಹೆಂಡತಿ, ಇದನ್ನೆಲ್ಲ ಕೇಳಿ ಒಂದೇ ಮಾತು ಹೇಳುತ್ತಾಳೆ: "ಅರ್ಧ ನೋಡಿದವರು ಅರ್ಧ ಬಾಯಿ ಮುಚ್ಕೋಬೇಕು."

ಈ ಶುಕ್ರವಾರ ಆ ಮಾತನ್ನು ಕೇಳಿದ್ದರೆ ಚೆನ್ನಾಗಿತ್ತು.

ನಮ್ಮ ತಂಗಿ ಸಿನಿಮಾಗಳಿಗೆ ದನಿ ಕೊಡುತ್ತಾಳೆ. ಬೇರೆ ಭಾಷೆಯ ಸಿನಿಮಾ ನಮ್ಮ ಮಾತಿಗೆ ಇಳಿಯುವಾಗ ಪರದೆಯ ಮೇಲೆ ಬಾಯಿ ಯಾರದೋ ಇರುತ್ತದೆ, ಮಾತು ಇವಳದು. ಚಿಕ್ಕಂದಿನಿಂದ ಅವಳ ಬಾಯಿ ನಿಂತದ್ದಿಲ್ಲ. ಹಾಲಿನವನ ಹಾಗೆ, ಮೇಷ್ಟ್ರ ಹಾಗೆ, ನೆಗಡಿಯಾದ ನಾಯಿಯ ಹಾಗೆ ಮಾತಾಡಿ ನಗಿಸುತ್ತಿದ್ದಳು. ಭಾವ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಾರೆ. ಇಷ್ಟು ದಿನ ಅವಳಿಗೆ ಸಿಗುತ್ತಿದ್ದದ್ದು ಪಕ್ಕದ ಮನೆಯಾಕೆ, ನರ್ಸು, ಬಾಗಿಲು ತೆಗೆದು "ಅವರು ಮನೇಲಿಲ್ಲ" ಅನ್ನುವ ಕೆಲಸದಾಕೆ. ಭಾವನಿಗೆ ಅದೊಂದು ಆಟ. ಇವಳು ಯಾರಿಗೆ ದನಿ ಕೊಟ್ಟಿದ್ದಾಳೆ ಅಂತ ನಾವು ಹೇಳಬಾರದು, ಅವರೇ ಕಂಡುಹಿಡಿಯಬೇಕು. ಒಂದು ಮಾತು ಸಾಕು, ಥಿಯೇಟರಿನಲ್ಲೇ ಎದ್ದು ನಿಂತು "ನಮ್ಮ ರೇಡಿಯೋ!" ಎಂದು ಕೂಗುತ್ತಿದ್ದರು. ಒಮ್ಮೆಯೂ ತಪ್ಪಿದವರಲ್ಲ.

ಗುರುವಾರ ಅವಳು ಫೋನ್ ಮಾಡಿದಾಗ ನಾನು ಹಲ್ಲು ಬಿಟ್ಟ ಜಿಪ್ಪೊಂದಕ್ಕೆ ಮೇಣ ಉಜ್ಜುತ್ತಿದ್ದೆ.

"ಅಣ್ಣಾ, ನಾಳೆ ಒಂದಿನ ಪೂರ್ತಿ ನೋಡ್ಬೇಕು ನೀನು."

"ಪೂರ್ತಿ ಅಂದ್ರೆ?"

"ಪೂರ್ತಿ ಅಂದ್ರೆ ಪೂರ್ತಿ. ಕೊನೇಲಿ ಹೆಸರೆಲ್ಲಾ ಬಂದು, ಕಸ ಗುಡಿಸೋರು ಒಳಗೆ ಬರ್ತಾರಲ್ಲ, ಅಲ್ಲೀ ತನಕ. ಈ ಸಲ ಹೀರೋಯಿನ್ನೇ ನಾನು."

ನನ್ನ ಕೈಯಿಂದ ಮೇಣ ಜಾರಿತು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ!"

"ಕುಣೀಬೇಡ, ಕೇಳಿಲ್ಲಿ. ಲಿಫ್ಟ್ ಕಂಪನಿಯವರು ಕರೀತಿದಾರೆ ಅಂದಿದ್ನಲ್ಲ. ನಾಳೆ ಸಂಜೆ ಏಳಕ್ಕೆ ಹೂಂ ಅಥವಾ ಊಹೂಂ ಹೇಳ್ಬೇಕು."

ಲಿಫ್ಟ್ ಕಂಪನಿಯ ವಿಷಯ ಮನೆಯಲ್ಲೆಲ್ಲ ಗೊತ್ತಿತ್ತು. ಕಾಯಂ ಕೆಲಸ. ಅವರ ಲಿಫ್ಟುಗಳಲ್ಲೆಲ್ಲ 'ಬಾಗಿಲು ತೆರೆಯುತ್ತಿದೆ', 'ಬಾಗಿಲು ಮುಚ್ಚುತ್ತಿದೆ' ಎನ್ನುವುದು, ಅವರ ಫೋನಿನಲ್ಲಿ 'ದಯವಿಟ್ಟು ಕಾಯಿರಿ' ಎನ್ನುವುದು. ಷರತ್ತು ಒಂದೇ: ಆ ದನಿ ಇನ್ನೆಲ್ಲೂ ಕೇಳಿಸಕೂಡದು. ಸಿನಿಮಾ ಬಂದ್.

"ನಂಗೆ ಏನೂ ತಿಳೀತಿಲ್ಲ ಅಣ್ಣ. ಸ್ಟುಡಿಯೋದವರು ಎಲ್ಲಾರ್ಗೂ ಚೆನ್ನಾಗಿದೆ ಅಂತಾರೆ. ನೀನು ಮುಖಸ್ತುತಿ ಮಾಡೋನಲ್ಲ. ಒಂದೇ ಒಂದು ಕೇಳ್ತೀನಿ. ಸಿನಿಮಾ ನೋಡ್ತಾ ನೋಡ್ತಾ ಆ ದನಿ ನಂದು ಅನ್ನೋದು ನಿಂಗೆ ಮರ್ತುಹೋಗತ್ತಾ? ಒಂದು ನಿಮಿಷ ಮರ್ತ್ರೂ ಸಾಕು, ಲಿಫ್ಟು ಬೇಡ ಅಂದ್ಬಿಡ್ತೀನಿ. ಮರೀದೇ ಇದ್ರೆ, ನಾನು ಆ ಪಾತ್ರ ಆಗ್ಲಿಲ್ಲ ಅಂತ ಅರ್ಥ. ಆಗ ಬಾಗಿಲು ತೆಗೆಯೋದು ಮುಚ್ಚೋದು ಮಾಡ್ಕೊಂಡಿರ್ತೀನಿ."

"ಆಯ್ತು ಕಣೇ. ಪೂರ್ತಿ ನೋಡ್ತೀನಿ."

ಭಾವನಿಗೆ ಹೇಳಿದೆ. ಮುಖ ಸ್ವಲ್ಪ ಸಣ್ಣದಾಯಿತು. "ನೋಡು ನೋಡು, ತಂಗಿ ಸಿನಿಮಾ. ನಾನು ಚಕ್ರ ಬಡ್ಕೊಂಡಿರ್ತೀನಿ" ಎಂದರು. "ಯಾರ ದನಿ ಅಂತ ಮಾತ್ರ ಹೇಳ್ಬೇಡ. ನಾನು ನಾಳಿದ್ದು ನೋಡಿ ಕಂಡುಹಿಡೀತೀನಿ."

ಶುಕ್ರವಾರ ನಾನು ಕುರ್ಚಿಯ ಮೇಲೆ ಕೂತ ಗಳಿಗೆಯಿಂದ ಕಾಲು ಅಲುಗಾಡಲು ಶುರುವಾಯಿತು. ಮುಂದಿನ ಸಾಲಿನ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಹಲ್ಲು ಕಚ್ಚಿ ಕಾಲನ್ನು ಹಿಡಿದರೆ ಕೈ ಅಲುಗಾಡುತ್ತಿತ್ತು.

ಕಥೆ ಒಂದು ದೋಣಿಕಟ್ಟೆಯದು. ನಾಯಕಿ ಅಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂರುವವಳು. ತಮ್ಮ ದೋಣಿ ನಡೆಸುತ್ತಾನೆ. ಅವಳು ವಾಚಾಳಿ, ಬಂದವರನ್ನೆಲ್ಲ ಮಾತಾಡಿಸುತ್ತಾಳೆ, ಕಿಚಾಯಿಸುತ್ತಾಳೆ, ಚಿಲ್ಲರೆ ಇಲ್ಲದವರಿಗೆ ಮಂಗಳಾರತಿ ಮಾಡುತ್ತಾಳೆ. ಅವಳು ಮೊದಲ ಸಲ ಬಾಯಿ ತೆರೆದಾಗ ನಾನು ಕುರ್ಚಿಯ ತುದಿಗೆ ಬಂದೆ. ನಮ್ಮ ರೇಡಿಯೋನೇ! ಪರದೆಯ ಮೇಲೆ ಅಷ್ಟು ದೊಡ್ಡ ಕಣ್ಣಿನ ಚೆಲುವೆ ತಮ್ಮನಿಗೆ "ಎದ್ದೇಳೋ, ಹೊತ್ತಾಯ್ತು" ಎಂದರೆ ನನಗೆ ಕಾಣುತ್ತಿದ್ದದ್ದು ನಮ್ಮ ಮನೆಯ ಬಚ್ಚಲ ಬಾಗಿಲು, ಒದ್ದೆ ಟವೆಲಿಗಾಗಿ ಜಗಳ. ನಾಯಕನ ಜೊತೆ ಅವಳು ಮೆಲ್ಲಗೆ ನಕ್ಕಾಗಂತೂ ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಪಕ್ಕದವನ ಪಾಪ್‌ಕಾರ್ನ್ ಪೊಟ್ಟಣ ನೋಡಿದೆ. ತಂಗಿಯ ದನಿಯಲ್ಲಿ ಯಾರೋ ಯಾರಿಗೋ ನಾಚಿಕೊಳ್ಳುವುದನ್ನು ಅಣ್ಣನಾದವನು ಹೇಗೆ ಕೇಳುವುದು?

ಮರೆ, ಮರೆ ಎಂದು ನನಗೆ ನಾನೇ ಹೇಳಿಕೊಂಡೆ. ಮರೆಯಬೇಕು ಅಂದುಕೊಂಡಷ್ಟೂ ಜಾಸ್ತಿ ನೆನಪಾಗುತ್ತದೆ. ಇಂಟರ್‌ವಲ್ಲಿಗೆ ಗಾಳಿ ಎದ್ದಿತು, ದೋಣಿಯಲ್ಲಿ ಜನ ಕಿಕ್ಕಿರಿದಿದ್ದರು, ಟಿಕೆಟ್ ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಪರದೆ ಕಪ್ಪಾಯಿತು, ದೀಪ ಹತ್ತಿತು.

ಆಮೇಲೆ ಆದದ್ದಕ್ಕೆ ಯಾರನ್ನು ಬೈಯುವುದು? ದೀಪ ಹತ್ತಿದ ಕೂಡಲೇ ನನ್ನ ಕಾಲು ಎದ್ದವು. ಕಾಲಿಗೆ ಯಾರೂ ಹೇಳಿರಲಿಲ್ಲವಲ್ಲ, ಈವತ್ತು ಪೂರ್ತಿ ಅಂತ. ಗೇಟಿನಲ್ಲಿ ಟಾರ್ಚ್ ಮಾವ ಎಂದಿನಂತೆ ಚಿಲಕ ತೆಗೆದರು. ಆಚೆ ನೋಡಿದರೆ ಭಾವ! ಕೈ ತೊಳೆದುಕೊಂಡು, ತಲೆ ಬಾಚಿಕೊಂಡು, ಟಿಕೆಟ್ಟಿಗೆ ಕೈ ಚಾಚಿ ನಿಂತಿದ್ದಾರೆ. ಅವರಿಗೂ ಅಭ್ಯಾಸ. ನಾನು ಟಿಕೆಟ್ಟು ಕೊಟ್ಟೆ. ಅವರು ಒಳಗೆ ಹೋದರು. ರಸ್ತೆಯ ನಟ್ಟನಡುವೆ ಬಂದಮೇಲೆ ನನಗೆ ಜ್ಞಾನೋದಯವಾಯಿತು.

ವಾಪಸ್ಸು ಹೋಗಬಹುದಿತ್ತು. ನಿಜ ಹೇಳಬೇಕೆಂದರೆ ಹೋಗಲು ಮನಸ್ಸು ಬರಲಿಲ್ಲ. ಹೊರಗಿನ ಗಾಳಿ ಮುಖಕ್ಕೆ ಬಡಿದಾಗ ಹೋದ ಜೀವ ಬಂದಂತಾಗಿತ್ತು. ಅಷ್ಟರಲ್ಲಿ ಒಬ್ಬಾಕೆ ಹೆಗಲ ಚೀಲ ತಬ್ಬಿಕೊಂಡು ಅಂಗಡಿಯ ಮುಂದೆ ಕುಣಿಯುತ್ತಿದ್ದಳು, "ಬಸ್ಸು, ಬಸ್ಸು" ಎಂದು. ನಾನು ದಾಪುಗಾಲು ಹಾಕುತ್ತ, ಎಂದಿನಂತೆ ಫೋನಿಗೆ ಒದರಿದೆ:

"ಭಾವ, ಕಥೆ ದೋಣಿಕಟ್ಟೇದು. ಹೀರೋಯಿನ್ ಟಿಕೆಟ್ ಕೊಡೋಳು, ತಮ್ಮ ದೋಣಿ ಓಡಿಸ್ತಾನೆ, ಈಗ ಮುಳುಗೋ ಹಾಗಿದೆ. ನೀವು ಕಂಡುಹಿಡಿಯೋ ಕಷ್ಟ ಬೇಡ, ಹೀರೋಯಿನ್ನೇ ನಮ್ಮ ರೇಡಿಯೋ. ಏನ್ ಹೇಳ್ಲಿ ಭಾವ, ಒಂದು ಕ್ಷಣಾನೂ ಮರೀಲಿಲ್ಲ ನಂಗೆ. ಅವಳು ಬಾಯಿ ತೆಗೆದ್ರೆ ಸಿನಿಮಾ ಮಾಯ, ನಮ್ಮ ಮನೆ ಬಚ್ಚಲೇ ಕಾಣತ್ತೆ. ಹೆಂಗೆ ಹೇಳೋದು ಆ ಹುಡ್ಗಿಗೆ? ನಂಗೇನೋ ಲಿಫ್ಟೇ ವಾಸಿ ಅನ್ಸತ್ತಪ್ಪ."

ಕಳಿಸಿದೆ. ಚೀಲ ತೆಗೆದುಕೊಂಡೆ. ಜಿಪ್ಪು ಎಳೆಯುವ ರನ್ನರು ಒಂದು ಕಡೆಯ ಹಲ್ಲು ಬಿಟ್ಟು ಅಡ್ಡಡ್ಡ ಕೂತಿತ್ತು. ಇಕ್ಕಳದಿಂದ ಅದರ ಕತ್ತು ಹಿಸುಕಿ ಎಳೆದರೆ ಎಳೆದಷ್ಟೂ ಹಿಂದಿನಿಂದ ಬಾಯಿ ಬಿಡುತ್ತಿತ್ತು. ಯಾವತ್ತೂ ಹಾಗಾಗಿರಲಿಲ್ಲ. "ಸ್ವಲ್ಪ ಬೇಗ ಆಗತ್ತಾ?" ಎಂದಳು ಆಕೆ. ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಹೇಗೋ ಮುಗಿಸಿ ಕೊಟ್ಟೆ, ಆಕೆ ಓಡಿದಳು, ಬಸ್ಸು ಹೋಯಿತು.

ಆಮೇಲೆ ಕೂರಲಾಗಲಿಲ್ಲ. ಎದ್ದು ಥಿಯೇಟರಿನ ಕಡೆ ನೋಡುವುದು, ಕೂರುವುದು, ಮತ್ತೆ ಏಳುವುದು. ಪೂರ್ತಿ ನೋಡುತ್ತೇನೆ ಅಂದವನು ಅರ್ಧಕ್ಕೆ ಬಂದೆ. ಅವಳು ಕೇಳಿದರೆ ಏನನ್ನುವುದು? ಭಾವ ಬಂದಮೇಲೆ ಉಳಿದರ್ಧ ಕೇಳಿಕೊಂಡು, ಹೊಲಿದು, ಮೆತ್ತಗೆ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಹೊಲಿಯುವುದು ನನ್ನ ಕಸುಬಲ್ಲವೇ.

ಸಿನಿಮಾ ಬಿಟ್ಟಿತು. ಭಾವ ಯಾವಾಗಲೂ ಬೈದುಕೊಂಡೇ ರಸ್ತೆ ದಾಟುವವರು. ಈವತ್ತು ಸುಮ್ಮನೆ ಬಂದರು. ಬಂದು ಸ್ಟೂಲಿನ ಮೇಲೆ ಕೂತು ಒಂದು ಚಕ್ರವನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸಿದರು.

"ಏನ್ ಭಾವ? ಹೇಗಿತ್ತು?"

"ಆ ಹುಡ್ಗಿ ಇದಾಳಲ್ಲ, ಟಿಕೆಟ್ ಕೊಡೋಳು... ಪಾಪ ಕಣಯ್ಯ. ನಿಮ್ಮಕ್ಕಂಗೆ ಹೇಳ್ಬೇಡ, ಒಂಚೂರು ಅತ್ತೆ."

ಭಾವ ಉಳಿದರ್ಧ ನೋಡಿ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮತ್ತೆ ನಮ್ಮ ರೇಡಿಯೋ?"

"ಓ, ಅದಾ? ಸಿಕ್ಕಿಬಿದ್ಲು!" ಮುಖ ಅರಳಿತು. "ಆ ವಿಚಾರಣೆ ಮಾಡೋ ಆಫೀಸರಮ್ಮ ಇಲ್ವಾ, ಕಿರುಚಿ ಕಿರುಚಿ ಕೇಳ್ತಾಳಲ್ಲ, ಅದೇ. ನೂರಕ್ಕೆ ನೂರು."

"ಭಾವ, ಮೆಸೇಜಲ್ಲಿ ಹೇಳಿದೀನಲ್ಲ. ಟಿಕೆಟ್ ಕೊಡೋಳೇ ನಮ್ಮ ಹುಡ್ಗಿ."

"ಯಾವ ಮೆಸೇಜು? ಈ ಸಲ ನೀನು ಏನೂ ಕಳಿಸ್ಲೇ ಇಲ್ಲ. ಕಥೆ ತಲೆಬುಡ ಗೊತ್ತಿಲ್ದೆ ಕೂತಿದ್ದೆ..." ಎಂದವರು ಅಲ್ಲಿಗೇ ನಿಂತರು. "ಏನಂದೆ? ಅವಳು ಇವಳಾ? ಸುಳ್ಳು ಹೇಳ್ಬೇಡ!"

ನಾನು ಫೋನು ತೆಗೆದು ನೋಡಿದೆ. ಬೆಳಗಿನಿಂದ ತಂಗಿ ಒಂದೇ ಸಮ ಮೆಸೇಜು ಕಳಿಸುತ್ತಿದ್ದಳು: ಹೋದ್ಯಾ, ಕೂತ್ಯಾ, ಶುರುವಾಯ್ತಾ. ಯಾವಾಗಲೂ ಮೇಲಿರುತ್ತಿದ್ದ ಭಾವನ ಹೆಸರು ಕೆಳಗಿಳಿದಿತ್ತು. ಭಾವನ ಜಾಗದಲ್ಲಿ ಅವಳಿದ್ದಳು. ನನ್ನ ಬೆರಳು ಜಾಗ ನೋಡಿತ್ತು, ಹೆಸರು ನೋಡಿರಲಿಲ್ಲ. ನನ್ನ ಒದರಾಟದ ಕೆಳಗೆ ಅವಳ ಉತ್ತರ ಬಂದು ಬಹಳ ಹೊತ್ತಾಗಿತ್ತು.

"ಸರಿ ಅಣ್ಣ."

ದಿನಕ್ಕೆ ಸಾವಿರ ಮಾತಾಡುವವಳು ಎರಡೇ ಪದ ಬರೆದಿದ್ದಳು. ಫೋನ್ ಮಾಡಿದೆ. ಆಫ್ ಆಗಿದೆ. ಮತ್ತೆ ಮಾಡಿದೆ. ಆಫ್.

"ಏನಾಯ್ತೋ?" ಎಂದರು ಭಾವ. ಅವರಿಗೆ ಮೆಸೇಜು ಕೇಳಿಸಿದೆ. ಕೊನೆಯ ಮಾತು ಬರುವ ಹೊತ್ತಿಗೆ ಅವರ ಕೈಯಲ್ಲಿದ್ದ ಚಕ್ರ ನಿಂತಿತ್ತು.

"ಇದನ್ನ ಅವಳಿಗೆ ಕಳಿಸಿದೀಯಾ? ಲಿಫ್ಟೇ ವಾಸಿ ಅಂತ? ನಿನ್ನ ಬಾಯಿಗೊಂದು ಜಿಪ್ ಹಾಕ್ಕೊಳಯ್ಯ ಮೊದ್ಲು!" ಸ್ಕೂಟರಿನ ಕೀಲಿಯನ್ನು ನನ್ನ ಮಡಿಲಿಗೆ ಎಸೆದರು. "ಹೋಗು, ಆ ಲಿಫ್ಟ್ ಆಫೀಸಿಗೇ ಹೋಗಿರ್ತಾಳೆ. ಹೇಳು ಅವಳಿಗೆ, ಭಾವ ಮೋಸ ಹೋದ್ರು ಅಂತ. ಈ ಕಿವಿ ಮೋಸ ಹೋಗಿದೆ ಅಂದ್ರೆ ಸುಮ್ನೆ ಅಲ್ಲ ಅಂತ."

ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗಲೆಲ್ಲ ನಾನು ಬ್ರೇಕು ಹಿಡಿದುಕೊಂಡೇ ಕುದಿಯುತ್ತಿದ್ದೆ. ಏನು ಹೇಳುವುದು? ನಾನು ನೋಡಿದ್ದರಲ್ಲಿ ನಾನು ಮರೆತಿರಲಿಲ್ಲ, ಅದೂ ನಿಜ. ಭಾವ ನೋಡಿದ್ದರಲ್ಲಿ ಅವರಿಗೆ ಗೊತ್ತೇ ಆಗಲಿಲ್ಲ, ಅದೂ ನಿಜ. ಪೂರ್ತಿ ನೋಡಿದೆ, ಆಮೇಲೆ ಮರೆತೆ ಎಂದು ಒಂದು ಸುಳ್ಳು ಹೇಳಿಬಿಡಲೇ? ಅವಳ ಮುಂದೆ ನನ್ನ ಸುಳ್ಳು ಮೂರು ಮಾತಿನಾಚೆ ಬದುಕಿದ್ದಿಲ್ಲ.

ಲಿಫ್ಟ್ ಕಂಪನಿಯ ಕಟ್ಟಡದ ಒಳಗೆ ಕಾಲಿಟ್ಟರೆ ಎದುರಿಗೇ ಲಿಫ್ಟು. ಬಾಗಿಲು ತೆರೆಯಿತು. ಒಳಗೆ ನಮ್ಮ ತಂಗಿ ಒಬ್ಬಳೇ ನಿಂತಿದ್ದಳು, ಕೈಚೀಲ ಎದೆಗವಚಿಕೊಂಡು.

"ಬಾ, ಹತ್ತು" ಎಂದಳು, ನನ್ನನ್ನೇ ಕಾಯುತ್ತಿದ್ದವಳ ಹಾಗೆ. "ಮ್ಯಾನೇಜರ್ ಮೀಟಿಂಗಲ್ಲಿದಾರೆ. ಆಗ್ಲಿಂದ ಮೇಲೆ ಕೆಳಗೆ ಮಾಡ್ತಿದೀನಿ."

'ಬಾಗಿಲು ಮುಚ್ಚುತ್ತಿದೆ' ಎಂದಿತು ತಲೆಯ ಮೇಲಿನಿಂದ ಒಂದು ದನಿ. ಯಾರ ಮೇಲೂ ಸಿಟ್ಟಿಲ್ಲ, ಯಾರ ಮೇಲೂ ಅಕ್ಕರೆಯೂ ಇಲ್ಲ.

"ಫೋನ್ ಯಾಕೆ ಆಫ್ ಮಾಡಿದೀಯ?"

"ಇನ್ನೊಬ್ರು ಯಾರಾದ್ರೂ ಅಭಿಪ್ರಾಯ ಕಳಿಸ್ಬಿಟ್ರೆ ಅಂತ."

"ನೋಡು, ಅದು ಭಾವಂಗೆ ಅಂತ..."

"ಗೊತ್ತು. ಅದಕ್ಕೇ ನಿಜ ಹೇಳಿದೀಯ. ನಂಗೆ ಅಂತ ಆಗಿದ್ರೆ ಸಕ್ಕರೆ ಹಾಕ್ತಿದ್ದೆ." ಅವಳು ಕತ್ತೆತ್ತಿ, ಆ ದನಿಯನ್ನೇ ಪಡಿಯಚ್ಚಿನಂತೆ ನುಡಿದಳು: "ಬಾಗಿಲು ಮುಚ್ಚುತ್ತಿದೆ. ನೋಡಿದ್ಯಾ, ಬರತ್ತೆ. ಇದು ಸುಖ ಕಣೋ. ಇದಕ್ಕೆ ಯಾರೂ ಹಾಗಿತ್ತು ಹೀಗಿತ್ತು ಅನ್ನಲ್ಲ. ಮುಚ್ಚತ್ತೆ ಅಂದ್ರೆ ಮುಚ್ಚತ್ತೆ."

"ಭಾವಂಗೆ ಗೊತ್ತಾಗ್ಲಿಲ್ಲ ಕಣೇ."

"ಏನು?"

"ನೀನು ಅಂತ. ಟಿಕೆಟ್ ಹುಡ್ಗಿನ ನೋಡಿ ಅತ್ರಂತೆ. ನಿನ್ನ ದನಿ ಅಂತ ಆಫೀಸರಮ್ಮನ್ನ ತೋರಿಸ್ತಿದಾರೆ."

ಅವಳು ಎರಡು ಮಹಡಿಯ ಸಂಖ್ಯೆ ಬದಲಾಗುವುದನ್ನು ನೋಡಿದಳು. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿದಳು.

"ಭಾವ ಹೇಗೆ ನೋಡಿದ್ರು? ನೀನಲ್ವಾ ಪೂರ್ತಿ ನೋಡ್ತೀನಿ ಅಂದಿದ್ದು?"

ನಾನು ಲಿಫ್ಟಿನ ಗುಂಡಿಗಳನ್ನು ಎಣಿಸತೊಡಗಿದೆ.

"ಎದ್ದು ಬಂದ್ಯಾ? ಇಂಟರ್‌ವಲ್ಲಿಗೆ?"

"ನಾನಲ್ಲ, ಕಾಲು."

"ಅಣ್ಣಾ!" ಅವಳ ಕಣ್ಣಲ್ಲಿ ನೀರು ತುಂಬಿತು, ಅದರ ಮೇಲೇ ಸಿಟ್ಟೂ ಬಂತು. "ಅರ್ಧ ನೋಡಿ ನೀನು ಬೇಡ ಅಂದೆ. ಅರ್ಧ ನೋಡಿ ಅವರು ಹೌದು ಅಂದ್ರು. ಟಿಕೆಟ್ ಹರ್ದ ಹಾಗೆ ಇಬ್ರೂ ಸೇರಿ ನನ್ನ ಬದುಕನ್ನೂ ಹರೀತಿದೀರಲ್ಲ. ನಾನು ಯಾರ್ದನ್ನ ನಂಬ್ಲಿ?"

'ಬಾಗಿಲು ತೆರೆಯುತ್ತಿದೆ' ಎಂದಿತು ದನಿ. ಕೈಯಲ್ಲಿ ಕಡತ ಹಿಡಿದ ಒಬ್ಬ ಒಳಗೆ ಬರಲು ಕಾಲೆತ್ತಿದವನು ನಮ್ಮಿಬ್ಬರ ಮುಖ ನೋಡಿ, "ನಾನು ಮೆಟ್ಲಲ್ಲೇ ಹೋಗ್ತೀನಿ" ಎಂದು ಹೋದ.

"ನಡಿ" ಎಂದೆ.

"ಎಲ್ಲಿಗೆ?"

"ಐದಕ್ಕೆ ಸಂಜೆ ಶೋ ಇದೆ. ನೀನು ಪಕ್ಕದಲ್ಲಿ ಕೂರು. ನಾನು ಎದ್ರೆ ಕಾಲು ಮುರಿ."

ಅವಳು ಮ್ಯಾನೇಜರಿಗೆ ಹೇಳಿ ಬಂದಳು. ಅವರು ಏಳಕ್ಕೆ ಸರಿಯಾಗಿ ತಾವೇ ಫೋನ್ ಮಾಡುತ್ತಾರಂತೆ. ಎತ್ತಿ ಹೂಂ ಅಂದರೆ ಕೆಲಸ ಅವಳದು, ಎತ್ತದಿದ್ದರೆ ಹೊರಗೆ ಇನ್ನೊಬ್ಬಳು ಕಾಯುತ್ತಿದ್ದಾಳಂತೆ. ಅವಳು ಫೋನನ್ನು ಆನ್ ಮಾಡಿ, ಸದ್ದು ತೆಗೆದು, ಮುಷ್ಟಿಯಲ್ಲಿ ಹಿಡಿದುಕೊಂಡಳು.

ಟಾರ್ಚ್ ಮಾವ ಎರಡು ಟಿಕೆಟ್ಟು ನೋಡಿ ಕನ್ನಡಕ ಸರಿಮಾಡಿಕೊಂಡರು. "ಇಬ್ರೂ ಒಟ್ಟಿಗೆ ಒಳಗಾ? ಅಂಗ್ಡೀಲಿ ಯಾರು?"

"ಭಾವ ಇದಾರೆ."

"ಮತ್ತೆ ಅವರು ಯಾವಾಗ ಬರ್ತಾರೆ?"

"ಈವತ್ತು ಯಾರೂ ಬರಲ್ಲ, ಯಾರೂ ಹೋಗಲ್ಲ ಮಾವ."

"ಏನ್ ಕಾಲ ಬಂತಪ್ಪ" ಎಂದು ದಾರಿ ಬಿಟ್ಟರು.

ಮೊದಲರ್ಧ ಮತ್ತೆ ಅದೇ ಪಾಡು. ಇನ್ನೂ ಕಷ್ಟವೆಂದರೆ ಈಗ ಮಾತಾಡುವವಳು ಪರದೆಯ ಮೇಲೂ ಇದ್ದಾಳೆ, ಪಕ್ಕದಲ್ಲೂ ಇದ್ದಾಳೆ. ನನ್ನ ಕಾಲು ಕುಣಿಯುತ್ತಿತ್ತು. ಅವಳ ಬೆರಳು ಫೋನಿನ ಅಂಚನ್ನು ಉಜ್ಜುತ್ತಿತ್ತು. ಅವಳು ಪರದೆ ನೋಡುತ್ತಲೇ ಇರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನಾನು ಮರೆತವನ ಹಾಗೆ ಮುಖ ಮಾಡಿ ಕೂತೆ.

"ನಾಟಕ ಬೇಡ" ಎಂದಳು ಕಿವಿಯಲ್ಲಿ.

ದೀಪ ಹತ್ತಿತು. ಕಾಲು ಎದ್ದವು. ಅವಳು ನನ್ನ ಅಂಗಿಯ ಚುಂಗು ಹಿಡಿದು ಜಗ್ಗಿ ಕೂರಿಸಿದಳು. ಜನರೆಲ್ಲ ಹೊರಗೆ ಹೋಗುತ್ತಿದ್ದಾರೆ, ನಾನೊಬ್ಬ ಅಲ್ಲೇ. ಟಾರ್ಚ್ ಮಾವ ದೂರದಿಂದ ನನ್ನ ಮುಖದ ಮೇಲೆ ಬೆಳಕು ಬಿಟ್ಟು, "ಜಿಪ್ಪಣ್ಣ, ಹುಷಾರಾಗಿದೀಯ ತಾನೇ?" ಎಂದು ಕೂಗಿದರು. ಸೀರೆ ಅಂಗಡಿ, ಸಿಮೆಂಟು. ಇವನ್ನು ನಾನು ನೋಡಿದ್ದು ಅದೇ ಮೊದಲು.

ಮತ್ತೆ ಕತ್ತಲಾಯಿತು. ನಾನು ಯಾವತ್ತೂ ಕಾಲಿಡದ ಕಡೆಗೆ ಸಿನಿಮಾ ಹೊರಟಿತು.

ದೋಣಿ ಮುಳುಗಿದೆ. ತಮ್ಮ ಬರಲಿಲ್ಲ. ಟಿಕೆಟ್ ಕಿಟಕಿಗೆ ಹಲಗೆ ಬಡಿದಿದ್ದಾರೆ. ಅಷ್ಟು ಮಾತಾಡುತ್ತಿದ್ದ ಹುಡುಗಿ ಬಾಯಿ ಬಿಡುತ್ತಲೇ ಇಲ್ಲ. ಅವಳು ಅಳಲಿ, ಕಿರುಚಲಿ ಎಂದು ನಾನು ಕಾಯುತ್ತಿದ್ದೆ, ಅವಳು ಅದನ್ನೂ ಮಾಡುವುದಿಲ್ಲ. ನೆರೆಹೊರೆಯವರು ಬಂದು ಏನೋ ಕೇಳಿದರೆ ಒಂದೊಂದೇ ಪದ, ಅದೂ ನೆಲಕ್ಕೆ ಹೇಳಿದ ಹಾಗೆ. ನನ್ನ ಕಾಲು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ವಿಚಾರಣೆ ಶುರುವಾಯಿತು. ಆಫೀಸರಮ್ಮ ಮೇಜು ಗುದ್ದಿ ಕೇಳುತ್ತಾಳೆ: ಅಷ್ಟು ಜನರನ್ನು ಹತ್ತಿಸಿದ್ದು ಯಾರು? ಸತ್ತ ತಮ್ಮನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಎಲ್ಲರೂ ಅದನ್ನೇ ಹೇಳಿಕೊಟ್ಟಿದ್ದಾರೆ. ಹುಡುಗಿ ಎದ್ದು ನಿಂತಳು. ಕಟಕಟೆಯ ಮರವನ್ನು ಬೆರಳಿನಿಂದ ಹಿಡಿದಳು. ನಾನು ಮುಂದಿನ ಕುರ್ಚಿಯ ಬೆನ್ನು ಹಿಡಿದೆ. ಹೇಳಬೇಡ ತಾಯಿ ಎಂದು ಒಂದು ಮನಸ್ಸು, ಹೇಳಿಬಿಡು ಎಂದು ಒಂದು ಮನಸ್ಸು.

"ಆವತ್ತು..." ಎಂದಳು. ದನಿ ಏಳಲಿಲ್ಲ. ಇಡೀ ಥಿಯೇಟರು ಕತ್ತು ಮುಂದೆ ಮಾಡಿತು. "ಕೊನೇ ಟಿಕೆಟು..."

ಅಷ್ಟರಲ್ಲಿ ಪಕ್ಕದಲ್ಲಿ ಏನೋ ಬೆಳಕು, ಗುರ್ ಗುರ್ ಎಂದು ನಡುಕ. ಯಾರೋ ನನ್ನ ತೋಳು ಹಿಡಿದು ಅಲುಗಾಡಿಸಿ, ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದರು:

"ಅಣ್ಣಾ, ಫೋನ್ ಬರ್ತಿದೆ.. ಏನ್ ಹೇಳ್ಲಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಶ್! ಸುಮ್ನಿರೇ ಒಂಚೂರು! ಅವಳೇನೋ ಹೇಳ್ತಿದಾಳೆ, ಕೇಳ್ಸಲ್ಲ!"

ಪಕ್ಕದ ಬೆಳಕು ಇನ್ನೂ ಒಂದೆರಡು ಸಲ ನಡುಗಿ ಆರಿತು. ಪರದೆಯ ಮೇಲೆ ಹುಡುಗಿ ತಲೆಯೆತ್ತಿ, ಕೊನೇ ಟಿಕೆಟು ಕೊಟ್ಟವಳು ತಾನೇ, ತಮ್ಮ ಬೇಡ ಅಂದಿದ್ದ ಎಂದಳು. ನನ್ನ ಕನ್ನಡಕ ಮಂಜಾಯಿತು. ಪಕ್ಕದಲ್ಲಿ ಯಾರೋ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದರೋ ನಗುತ್ತಿದ್ದರೋ, ಸದ್ದು ಬರುತ್ತಿತ್ತು. ನಾನು ಅವರನ್ನೂ ಇನ್ನೊಂದು ಸಲ ಗದರಿದೆನಂತೆ. ನನಗೆ ನೆನಪಿಲ್ಲ. ತಂಗಿ ಹೇಳುತ್ತಾಳೆ.